ಮೂವತ್ತರೊಳಗೇ ಮಂಡಿ ನೋವೇ? ಮೊದಲು ಬೆಳಗಿನ ಬಿಗಿತ ಗಮನಿಸಿ

ಇಪ್ಪತ್ತೈದು, ಮೂವತ್ತರ ವಯಸ್ಸಿನವರು ಕೀಲು ನೋವು ಅಂದರೆ ಮನೆಯಲ್ಲಿ ಸಿಗುವ ಉತ್ತರ ಎರಡೇ: ಸವೆತ, ಇಲ್ಲಾ ಕ್ಯಾಲ್ಸಿಯಂ ಕಮ್ಮಿ. ಹಿಂದೆ ಜೋರು ಪೆಟ್ಟೇನೂ ಬಿದ್ದಿಲ್ಲದಿದ್ದರೆ ಈ ವಯಸ್ಸಿಗೆ ಕೀಲು ಸವೆಯುವುದು ಅಪರೂಪ. ಕ್ಯಾಲ್ಸಿಯಂ ಮಾತ್ರೆಯಿಂದ ಕೀಲಿನ ಬಾವು ಇಳಿಯುವುದೂ ಇಲ್ಲ. ಸ್ಕ್ಯಾನಿಗೆ ದುಡ್ಡು ಸುರಿಯುವ ಮುಂಚೆ ಒಂದು ವಾರ ಗಡಿಯಾರ ನೋಡಿ.

ಎದ್ದ ಮೇಲೆ ಕೀಲಿನ ಬಿಗಿತ ಬಿಡಲು ಎಷ್ಟು ಹೊತ್ತಾಯಿತು ಎಂದು ದಿನವೂ ಬರೆದಿಡಿ. 5-10 ನಿಮಿಷದಲ್ಲಿ ಬಿಟ್ಟು, ಓಡಾಡಿದಷ್ಟೂ ನೋವು ಏರಿ, ಸುಧಾರಿಸಿಕೊಂಡರೆ ಇಳಿದರೆ ಅದು ಕೀಲಿನ ಮೇಲೆ ಬೀಳುವ ಭಾರದ ನೋವು. ಬಿಗಿತ ಅರ್ಧ ಗಂಟೆ ದಾಟುತ್ತಿದ್ದರೆ, ಓಡಾಡಿದಾಗ ಹಗುರಾಗಿ ಮಲಗಿದಾಗ ಹೆಚ್ಚಾದರೆ, ಉರಿಯೂತದ, ಅಂದರೆ ಕೀಲಿನೊಳಗೇ ಬಾವು ಬರುವ ರೋಗದ, ಅನುಮಾನ ಪಡಬೇಕು.

ಉರಿಯೂತಕ್ಕೆ ಮನೆಮದ್ದು ಮಾಡುತ್ತಾ ಕೂರಬೇಡಿ. ಎರಡೂ ಕೈಗಳ ಬೆರಳುಗಳ ಬುಡದ ಗಂಟುಗಳು 6 ವಾರ ದಾಟಿಯೂ ಊದಿಕೊಂಡಿದ್ದರೆ ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆರಗುವ ರೋಗ) ಇರಬಹುದು. ನಡುರಾತ್ರಿ ಕಳೆದ ಮೇಲೆ ಎಬ್ಬಿಸುವ, ನಡೆದಾಡಿದರೆ ತಗ್ಗುವ ಸೊಂಟ ನೋವು ಮೂರು ತಿಂಗಳು ಮೀರಿದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳ ಉರಿಯೂತ) ಇದೆಯೇ ನೋಡಿಸಬೇಕು. ಇದನ್ನು 'ಡಿಸ್ಕ್' ಎಂದುಕೊಂಡೇ ವರ್ಷಗಟ್ಟಲೆ ಕಳೆಯುವವರಿದ್ದಾರೆ. ಕಾಲಿನ ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಗಾಗಿ, ಹೊದಿಕೆ ತಾಗಿದರೂ ಚೀರುವಂತಾದರೆ ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುಬಾವು) ಇರಬಹುದು. ನೋವು ಜೋರಾಗಿರುವಾಗ ಯೂರಿಕ್ ಆಮ್ಲ ನಾರ್ಮಲ್ ಬರಬಹುದು, ನೋವು ಇಳಿದು ಎರಡು ವಾರವಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ. ಜ್ವರ ಬಂದುಹೋದ ಮೇಲೆ ಶುರುವಾದ ನೋವಾದರೆ ಚಿಕುನ್‌ಗುನ್ಯಾ ಮರೆಯಬೇಡಿ. 2006ರಲ್ಲಿ ಕರ್ನಾಟಕದ ಊರೂರೇ ಅದರಲ್ಲಿ ನರಳಿತ್ತು. ನೋವು ತಿಂಗಳುಗಟ್ಟಲೆ ಉಳಿಯಬಹುದು. ಇವುಗಳಿಗೆಲ್ಲ ರುಮಟಾಲಜಿ (ಕೀಲುವಾತ) ವೈದ್ಯರೇ ಸರಿ. ರುಮಟಾಯ್ಡ್ ಪತ್ತೆಗೆ ಮಾಡುವ 'ಆರ್‌ಎ ಫ್ಯಾಕ್ಟರ್' ರಕ್ತಪರೀಕ್ಷೆ ಒಂದನ್ನೇ ನಂಬಬೇಡಿ: ಆರೋಗ್ಯವಂತರಲ್ಲೂ ಪಾಸಿಟಿವ್ ಬರುತ್ತದೆ, ರೋಗಿಗಳಲ್ಲೂ ನೆಗೆಟಿವ್ ಬರುತ್ತದೆ.

ಒಂದೇ ಕೀಲು ಬಿಸಿಯಾಗಿ ಊದಿ, ಜೊತೆಗೆ ಜ್ವರ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕಾಗಿದ್ದರೆ ಕೆಲವೇ ದಿನಗಳಲ್ಲಿ ಅದು ಕೆಟ್ಟುಹೋಗುತ್ತದೆ. ಪೆಟ್ಟಾದ ಮೇಲೆ ಕಾಲೂರಲು ಆಗದಿದ್ದರೂ, ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡರೂ ತಡಮಾಡಬೇಡಿ.

ಇನ್ನು ಯುವಕರಲ್ಲಿ ಬಹಳ ಕಾಣುವ ಭಾರದ ನೋವು, ಮಂಡಿಚಿಪ್ಪಿನ ಸುತ್ತ ಬರುವಂಥದ್ದು. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತಾಗ, ಸಿನಿಮಾ ಮುಗಿಸಿ ಸೀಟಿನಿಂದ ಏಳುವಾಗ ಚುಚ್ಚುತ್ತದೆ. ವಾರವಿಡೀ ಕುರ್ಚಿ, ಭಾನುವಾರ ಎರಡು ಗಂಟೆ ಶಟಲ್; ಅಥವಾ ಓಟದ ದೂರವನ್ನು ಒಂದೇ ವಾರದಲ್ಲಿ ದುಪ್ಪಟ್ಟು ಮಾಡುವುದು. ಕಾರಣ ಸಾಮಾನ್ಯವಾಗಿ ಇಷ್ಟೇ. ಕನ್ನಡಿ ಮುಂದೆ ಒಂದು ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ನೆಲಕ್ಕೆ ತಾಗುವವರೆಗೆ ನಿಧಾನ ಇಳಿಯಿರಿ. ನಿಂತ ಕಾಲಿನ ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲಿದರೆ, ಪೃಷ್ಠದ ಪಕ್ಕದ ಸ್ನಾಯು ಸೋತಿರುವ ಸಾಧ್ಯತೆ ಹೆಚ್ಚು. ಮಂಡಿಗಷ್ಟೇ ವ್ಯಾಯಾಮ ಮಾಡಿದವರಿಗೆ ನೋವು ಮರುಕಳಿಸಲು ಇದೂ ಒಂದು ಕಾರಣವಿರಬಹುದು.

ದಿನ ಬಿಟ್ಟು ದಿನ ಹೀಗೆ ಮಾಡಿ:

1. ಅಂಗಾತ ಮಲಗಿ ಒಂದು ಮಂಡಿ ಮಡಚಿ. ಇನ್ನೊಂದು ಕಾಲಿನ ತೊಡೆ ಬಿಗಿಹಿಡಿದು ಒಂದು ಅಡಿ ಎತ್ತಿ, 5 ಎಣಿಸಿ, ನಿಧಾನ ಇಳಿಸಿ. ಹತ್ತರಂತೆ 3 ಸುತ್ತು.
2. ಮಗ್ಗುಲಾಗಿ, ಮಂಡಿ ಮಡಚಿ, ಪಾದ ಜೋಡಿಸಿ ಮಲಗಿ. ಮೇಲಿನ ಮಂಡಿಯನ್ನಷ್ಟೇ ಎತ್ತಿ. ಸೊಂಟ ಹಿಂದಕ್ಕೆ ಉರುಳಿದರೆ ಕೆಲಸ ಬೇರೆ ಸ್ನಾಯುವಿಗೆ ಹೋಗುತ್ತದೆ. ಹದಿನೈದರಂತೆ 3 ಸುತ್ತು.
3. ಗೋಡೆಗೆ ಬೆನ್ನು ಕೊಟ್ಟು, ಪಾದ ಒಂದೂವರೆ ಅಡಿ ಮುಂದಿಟ್ಟು, ಕುರ್ಚಿಯಲ್ಲಿ ಕೂತ ಅರ್ಧದಷ್ಟೇ ಜಾರಿ. 20-30 ಸೆಕೆಂಡ್, 5 ಸಲ. ಪೂರ್ತಿ ಬಸ್ಕಿ ಈಗ ಬೇಡ. ಮಂಡಿ ಮಡಚಿದಷ್ಟೂ ಚಿಪ್ಪಿನ ಮೇಲೆ ಒತ್ತಡ ಹೆಚ್ಚು.
4. ಮೂರು ವಾರದ ಮೇಲೆ, 4 ಇಂಚು ಎತ್ತರದಿಂದ ಕನ್ನಡಿ ಮುಂದಿನ ಅದೇ ಇಳಿತ. ಮಂಡಿ ಎರಡನೇ ಬೆರಳಿನ ನೇರಕ್ಕಿರಲಿ.

ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ನೋಡಿ. ಮೂರರೊಳಗಿದ್ದು ಮರುದಿನ ಬೆಳಿಗ್ಗೆಗೆ ಇಳಿದರೆ ಮುಂದುವರಿಸಬಹುದು. ಉಳಿದರೆ ಸುತ್ತು ಕಮ್ಮಿ ಮಾಡಿ, ಬಿಡಬೇಡಿ. ಗುಣ ಕಾಣಲು 6ರಿಂದ 12 ವಾರ ಬೇಕು, ಬಹುತೇಕರು ಎರಡಕ್ಕೇ ಕೈಬಿಡುತ್ತಾರೆ. ಪೂರ್ತಿ ವಿಶ್ರಾಂತಿ ಇನ್ನೂ ಕೆಟ್ಟದ್ದು: ತೊಡೆ ಸೊರಗುತ್ತದೆ, ಮೆಟ್ಟಿಲು ಹತ್ತಿದ ದಿನವೇ ನೋವು ಹಾಜರ್. ನೀಕ್ಯಾಪನ್ನು ಆಟಕ್ಕೆ ಹಾಕಿಕೊಳ್ಳಿ, ದಿನವಿಡೀ ಬೇಡ.

ನೋವು ತಗ್ಗಿಸಲು ಬಟ್ಟೆಯಲ್ಲಿ ಸುತ್ತಿದ ಐಸು 10-15 ನಿಮಿಷ, ಇಲ್ಲವೇ ಡೈಕ್ಲೋಫೆನಾಕ್ ಜೆಲ್ ದಿನಕ್ಕೆ 3 ಸಲ. ನುಂಗುವ ನೋವಿನ ಮಾತ್ರೆ ನಾಲ್ಕೈದು ದಿನಕ್ಕಿಂತ ಹೆಚ್ಚು ಬೇಕಾದರೆ ವೈದ್ಯರನ್ನು ಕೇಳಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರೂ ಬಸುರಿಯರೂ ಕೇಳದೆ ಮುಟ್ಟಲೇಬಾರದು. ಜ್ವರವಿದ್ದು ಡೆಂಗಿ ಶಂಕೆಯಿದ್ದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವದ ಅಪಾಯವಿದೆ, ಪ್ಯಾರಾಸಿಟಮಾಲ್ ಸಾಕು.

ವಿಟಮಿನ್ ಡಿ ಕಮ್ಮಿಯಿದ್ದರೆ ಮೈಕೈ, ಮೂಳೆ ನೋಯುತ್ತದೆ, ಕೀಲು ಊದುವುದಿಲ್ಲ. ಅಂಗಡಿಯಲ್ಲಿ ಸಿಗುವ 60,000 ಯೂನಿಟ್‌ನ ಪುಡಿ ಸಾಮಾನ್ಯವಾಗಿ ವಾರಕ್ಕೊಂದು. ದಿನಕ್ಕೊಂದು ಎಂದು ತಪ್ಪಾಗಿ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಎರಡೇ ದಿನದಲ್ಲಿ ನೋವು ಮಾಯ ಮಾಡುವ, ಲೇಬಲ್ಲಿಲ್ಲದ ಪೊಟ್ಟಣದ ಔಷಧಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ತಿಂಗಳುಗಟ್ಟಲೆ ತಿಂದಿದ್ದರೆ ತಟ್ಟನೆ ನಿಲ್ಲಿಸಬೇಡಿ, ಪೊಟ್ಟಣವನ್ನೂ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.