ಮಳೆ ಬಂದಾಗಲೂ ನೀರು ಬಿಟ್ಟೆವು

ನಾವು ಇಸ್ರೇಲಿನ ಕೆತುರಾದಲ್ಲಿ ಕಿಬ್ಬುಟ್ಸ್ ಕಟ್ಟಿ, ಅಂದರೆ ಎಲ್ಲರೂ ಕೂಡಿ ದುಡಿದು ಕೂಡಿ ಬಾಳುವ ಊರು ಕಟ್ಟಿ, ನೆಲೆಯೂರಿದ್ದು 1973ರ ನವೆಂಬರ್‌ನಲ್ಲಿ. ಅರಬ್ ದೇಶಗಳ ಜೊತೆಗಿನ ಯೋಮ್ ಕಿಪ್ಪುರ್ ಯುದ್ಧ ಆಗಷ್ಟೇ ನಿಂತಿತ್ತು. ಅಮೆರಿಕದ ಯಂಗ್ ಜುಡೇಯ ಎಂಬ ಯೆಹೂದಿ ಯುವಸಂಘದಲ್ಲಿ ಬೆಳೆದ ಹುಡುಗ ಹುಡುಗಿಯರು ನಾವು. ನಾನಂತೂ ಗುದ್ದಲಿ ಹಿಡಿದವನೇ ಅಲ್ಲ. ದೇಶದ ದಕ್ಷಿಣ ತುದಿಯ ಏಲಾತ್ ಪಟ್ಟಣದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ., ಅರಾವಾ ಕಣಿವೆ. ಪೂರ್ವಕ್ಕೆ ಜೋರ್ಡಾನಿನ ಕೆಂಪು ಬೆಟ್ಟಗಳು. ವರ್ಷಕ್ಕೆ 30 ಮಿ.ಮೀ. ಮಳೆ ಬಿದ್ದರೆ ಅದೇ ಜಾಸ್ತಿ.

ಬಂದವರಲ್ಲಿ ಅನೇಕರು ಉಳಿಯಲಿಲ್ಲ. ಬಿಸಿಲಿಗಿಂತ ರಾತ್ರಿಯ ಸಭೆಗಳೇ ಹೆಚ್ಚು ಜನರನ್ನು ಓಡಿಸಿದವು ಅಂತ ನನ್ನ ಲೆಕ್ಕ! ನಮ್ಮಲ್ಲಿ ದೇವರನ್ನು ನಂಬುವವರೂ ಇದ್ದರು, ನಂಬದವರೂ ಇದ್ದರು. ಕೊನೆಗೆ ಊಟದ ಮನೆಯಲ್ಲಿ ಎಲ್ಲರಿಗೂ ಯೆಹೂದಿ ಧರ್ಮದ ಕಟ್ಟಳೆಯಂತೆ ಕೋಷರ್ ಅಡುಗೆ, ಅವರವರ ಮನೆಯಲ್ಲಿ ಅವರವರ ಇಷ್ಟ ಎಂದು ಒಪ್ಪಿಕೊಂಡೆವು.

ನನ್ನ ಪಾಲಿಗೆ ಬಂದದ್ದು ಖರ್ಜೂರದ ತೋಟ. ಮೆಜೂಲ್ ತಳಿ. ಬೀಜ ಹಾಕಿದರೆ ಅರ್ಧದಷ್ಟು ಗಂಡು ಮರಗಳೇ ಏಳುತ್ತವೆ. ಹೆಣ್ಣು ಬಂದರೂ ತಾಯಿಯಂಥ ಹಣ್ಣು ಬರುವ ಖಾತ್ರಿಯಿಲ್ಲ. ಹಾಗಾಗಿ ತಾಯಿಮರದ ಬುಡದ ಕಂದುಗಳನ್ನು ಕಿತ್ತು ತಂದು ನೆಟ್ಟೆವು. ಮರುಭೂಮಿ ಅಲ್ವಾ, ನೀರು ಉಳಿಸಬೇಕು ಅಂತ ಹನಿ ನೀರಾವರಿಯನ್ನು ಬಿಗಿಯಾಗಿ ಲೆಕ್ಕ ಹಾಕಿ ಬಿಡುತ್ತಿದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ಗರಿಗಳ ತುದಿ ಸುಟ್ಟಂತಾಗಿತ್ತು. ಬುಡದ ಸುತ್ತ ಬಿಳಿ ಬಳೆಯಂಥ ಉಪ್ಪು.

ಪಕ್ಕದ ಕಿಬ್ಬುಟ್ಸ್ ಯೋತ್ವಾತಾದ ಹಿರಿಯರೊಬ್ಬರು ಬಂದು ಮಣ್ಣು ಕೆದಕಿ ನೋಡಿದರು. "ಅಲ್ಲಯ್ಯಾ, ಮರಕ್ಕೆ ಕುಡಿಯೋಕೆ ಕೊಟ್ಟೆ, ಸರಿ. ಉಪ್ಪು ತೊಳೆಯೋಕೆ ಎಲ್ಲಿ ಕೊಟ್ಟೆ?"

ನಮ್ಮದು ಸವಳು ನೀರು. ಬೇರು ನೀರನ್ನು ಹೀರಿಕೊಂಡು ಉಪ್ಪನ್ನು ಮಣ್ಣಲ್ಲೇ ಬಿಡುತ್ತದೆ. ಮರ ಕುಡಿಯುವುದಕ್ಕಿಂತ ಒಂದಿಷ್ಟು ಹೆಚ್ಚು ನೀರು ಬಿಟ್ಟರೆ ಮಾತ್ರ ಆ ಉಪ್ಪು ಬೇರಿನ ಕೆಳಗೆ ಇಳಿದುಹೋಗುತ್ತದೆ. ಇನ್ನೊಂದು ಮಾತು ಹೇಳಿದರು: ನಾಲ್ಕು ಹನಿ ಮಳೆ ಬಂತೆಂದು ನೀರು ನಿಲ್ಲಿಸಬೇಡ, ಆಗಲೇ ಬಿಡು. ನನಗೆ ನಗು ಬಂತು. ಆದರೆ ಸಣ್ಣ ಮಳೆ ಮೇಲಿನ ಉಪ್ಪನ್ನು ಕರಗಿಸಿ ನೇರ ಬೇರಿಗೇ ತಂದುಬಿಡುತ್ತದೆ. ಅದನ್ನು ಇನ್ನೂ ಕೆಳಕ್ಕೆ ತಳ್ಳಲು ನಮ್ಮ ನೀರೇ ಬೇಕು. ಆ ಚಳಿಗಾಲದಲ್ಲಿ ಕೊಡೆಯಿಲ್ಲದೆ ನೆನೆಯುತ್ತಾ ವಾಲ್ವ್ ತಿರುಗಿಸಿದ್ದು ಇವತ್ತಿಗೂ ನೆನಪಿದೆ. ಸಭೆಯಲ್ಲಿ ನೀರಿನ ಲೆಕ್ಕ ಒಪ್ಪಿಸುವಾಗ ಮಾತ್ರ ಬೆವರು ಕಿತ್ತುಬಂತು.

ಹೆಚ್ಚಿನ ಕಂದುಗಳು ಚೇತರಿಸಿಕೊಂಡವು. ಎರಡು ಸತ್ತವು. ಆ ಗುಂಡಿಗಳಲ್ಲಿ ಆಮೇಲೆ ಗಂಡು ಮರ ನೆಟ್ಟೆವು. ವಸಂತದಲ್ಲಿ ಹೆಣ್ಣು ಹೂಗೊನೆಗಳಿಗೆ ಕೈಯಾರೆ ಹಾಕುವ ಪರಾಗಕ್ಕೆ ಹೇಗೂ ಬೇಕಿತ್ತು.