ಅರಿಶಿನದ ಬಟ್ಟೆ ಬಿಸಿಲಿಗಿಡಿ, ಬೆಳಕಿನ ಕೆಲಸ ನೋಡಿ

ಅರಿಶಿನದ ಕಲೆಯಾದ ಬಟ್ಟೆಯನ್ನು ಬಾಗಲಕೋಟೆಯ ಬಿಸಿಲಲ್ಲಿ ಮಾಳಿಗೆ ಮೇಲೆ ಹಾಕಿದರೆ ಸಂಜೆಗೆ ಕಲೆ ತೆಳುವಾಗಿರುತ್ತದೆ. ನಮ್ಮ ಅವ್ವಂದಿರಿಗೆ ಇದು ಗೊತ್ತು. ಬೆಳಕು ಬಿದ್ದರೆ ಬ್ಯಾಕ್ಟೀರಿಯಾ ಕೊಲ್ಲುವ ಪಾಲಿಮರ್‌ಗಳ (ಚಿಕ್ಕ ಅಣುಗಳು ಸಾಲಾಗಿ ಸೇರಿದ ಉದ್ದ ಸರಗಳು) ಗುಟ್ಟೂ ಇಲ್ಲಿಂದಲೇ ಶುರು. ಮಕ್ಕಳ ಜೊತೆ ಮಾಡಿ ನೋಡಿ.

ಹಳೆಯ ಬಿಳಿ ಧೋತರದ ತುಂಡು ಸಾಕು. ಗಂಜಿ ಹೋಗುವಂತೆ ತೊಳೆಯಿರಿ. ಎರಡು ಲೋಟ ನೀರಿಗೆ ಒಂದು ಚಮಚ ಅರಿಶಿನ ಹಾಕಿ ಕುದಿಸಿ, ಬಟ್ಟೆಯನ್ನು ಕಾಲು ಗಂಟೆ ಅದರಲ್ಲೇ ಬಿಡಿ. ಹಿಂಡಿ, ನೆರಳಲ್ಲೇ ಒಣಗಿಸಿ. ಹತ್ತಿಯೂ ಪಾಲಿಮರ್ರೇ. ಸಾವಿರಾರು ಗ್ಲೂಕೋಸ್ ಮಣಿ ಪೋಣಿಸಿದ ಸರ ಅದು.

ಈಗ ಅರ್ಧ ಬಟ್ಟೆಯ ಮೇಲೆ ದಪ್ಪ ರಟ್ಟು ಇಟ್ಟು ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲಿಗೆ ಬಿಡಿ. ತೆರೆದ ಅರ್ಧ ಮಾಸಿರುತ್ತದೆ. ರಟ್ಟಿನ ಕೆಳಗೂ ಕಾವು ಇತ್ತು, ಅಲ್ವಾ? ಅಂದರೆ ಮುಖ್ಯ ಕೆಲಸ ಬೆಳಕಿನದು.

ಇನ್ನೊಂದು ತುಂಡಿಗೆ ಸಾಬೂನು ನೀರು ಹನಿಸಿ. ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ನನಗೆ ಬಹಳ ಇಷ್ಟದ ಹಂತ ಇದು. ಸಾಬೂನು ಅರಿಶಿನದ ಕರ್ಕ್ಯುಮಿನ್ ಅಣುವಿನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಅಷ್ಟಕ್ಕೇ ಅದು ಹೀರುವ ಬೆಳಕು ಬದಲಾಗುತ್ತದೆ. ರಚನೆ ಚೂರು ಬದಲಾದರೂ ಗುಣ ಬದಲು.

ಹಳದಿ ಕರ್ಕ್ಯುಮಿನ್ ಹೀರುವುದು ಮುಖ್ಯವಾಗಿ ನೀಲಿ ಬೆಳಕನ್ನು. ಆ ಶಕ್ತಿ ಪಕ್ಕದ ಆಮ್ಲಜನಕಕ್ಕೆ ದಾಟಿದರೆ ಅದು ಉಗ್ರವಾಗಿ ಬ್ಯಾಕ್ಟೀರಿಯಾದ ಪೊರೆಯನ್ನು ಹಾಳು ಮಾಡುತ್ತದೆ. 1900ರಲ್ಲೇ ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್, ಅಕ್ರಿಡಿನ್ ಬಣ್ಣದ ನೀರಿನಲ್ಲಿ ಪ್ಯಾರಮೀಸಿಯಂ ಎಂಬ ಒಂದೇ ಕೋಶದ ಜೀವಿ ಬೆಳಕಿದ್ದಾಗ ಬೇಗ ಸಾಯುತ್ತದೆಂದು ವರದಿ ಮಾಡಿದ್ದರು.

ಎಲ್ಲ ಬಣ್ಣಕ್ಕೂ ಈ ಕೊಲ್ಲುವ ಶಕ್ತಿ ಒಂದೇ ಸಮ ಇರುವುದಿಲ್ಲ. ಫ್ಲೋರೆಸೀನ್ ಎಂಬ ಬಣ್ಣ ತಾನು ಹೀರಿದ ಬೆಳಕಿನಲ್ಲಿ ಹೆಚ್ಚಿನದನ್ನು ಹಸಿರು ಹೊಳಪಾಗಿ ವಾಪಸ್ ಕೊಡುತ್ತದೆ. ಅದೇ ಅಣುವಿಗೆ 4 ಅಯೋಡಿನ್, 4 ಕ್ಲೋರಿನ್ ಸೇರಿದರೆ ರೋಸ್ ಬೆಂಗಾಲ್ ಎಂಬ ಇನ್ನೊಂದು ಬಣ್ಣ. ಭಾರದ ಅಯೋಡಿನ್ ಇರುವುದರಿಂದ ಶಕ್ತಿ ಹೊಳಪಾಗದೆ ಆಮ್ಲಜನಕಕ್ಕೆ ಜಾಸ್ತಿ ದಾಟುತ್ತದೆ.

ಆದರೆ ಈ ಉಗ್ರ ಆಮ್ಲಜನಕ ಕ್ಷಣಮಾತ್ರ ಬದುಕುತ್ತದೆ, ದೂರ ಹೋಗಲಾರದು. ಬ್ಯಾಕ್ಟೀರಿಯಾ ಹತ್ತಿರ ಬರಲೇಬೇಕು. ಅದರ ಮೈ ಮೇಲೆ ಋಣ ವಿದ್ಯುದಂಶ ಇರುತ್ತದೆ. ಅದಕ್ಕೇ ವಿಜ್ಞಾನಿಗಳು ಪಾಲಿಮರ್ ಸರಕ್ಕೆ ಧನ ವಿದ್ಯುದಂಶದ ಗುಂಪುಗಳನ್ನು ಜೋಡಿಸುತ್ತಾರೆ. ಬಣ್ಣವನ್ನೂ ಗಟ್ಟಿ ಬಂಧದಿಂದ ಸರಕ್ಕೇ ಕಟ್ಟುತ್ತಾರೆ. ನಮ್ಮ ಅರಿಶಿನ ಸುಮ್ನೆ ಅಂಟಿಕೊಂಡಿದೆ, ತೊಳೆದಷ್ಟೂ ಹೋಗುತ್ತದೆ.

ಹಾಗಾಗಿ ಈ ಬಟ್ಟೆಯನ್ನು ಗಾಯಕ್ಕೆ ಕಟ್ಟಬೇಡಿ. ಒಂದು ತುಂಡನ್ನು ಕತ್ತಲ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಕಿಟಕಿಯಲ್ಲಿ ಇಟ್ಟು ವಾರದ ನಂತರ ಮಕ್ಕಳ ಕೈಲೇ ಹೋಲಿಸಿ.