ಹಾಲು ಬತ್ತಿಸುವ ದಿನ ಕ್ಲಾಕ್ಸಾಸಿಲಿನ್: ನನ್ನ ಅನುಭವ

ಗಬ್ಬದ ಹಸುವಿನ ಹಾಲು ಬತ್ತಿಸುವ ದಿನ ಮುಂದೆ ಕೆಚ್ಚಲು ಬಾವು ಬಾರದಿರಲಿ ಎಂದು ನಾಲ್ಕೂ ಮೊಲೆತೊಟ್ಟುಗಳಿಗೆ ಬೆಂಜಥೀನ್ ಕ್ಲಾಕ್ಸಾಸಿಲಿನ್ ಎಂಬ ಆ್ಯಂಟಿಬಯೋಟಿಕ್ ಟ್ಯೂಬ್ ಏರಿಸುವ ಕ್ರಮವನ್ನು ಕೋಲಾರ ಜಿಲ್ಲೆಯ ನನ್ನ ಹಳ್ಳಿಗಳಲ್ಲಿ ಆರಂಭಿಸಿದಾಗ, "ಹಾಲೇ ಇಲ್ಲದ ಕೆಚ್ಚಲಿಗೆ ದುಡ್ಡು ಸುರಿಯುತ್ತೀರಲ್ಲ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ಮೂರು ವರ್ಷಗಳಲ್ಲಿ ಸುಮಾರು 60 ಹಸುಗಳಿಗೆ ಹಾಕಿದ್ದೇನೆ. ಕರು ಹಾಕಿದ ಮೇಲೆ ಸಿಎಂಟಿ (ಬಾವು ಇದ್ದರೆ ಹಾಲು ಲೋಳೆಯಾಗುವ ಪರೀಕ್ಷೆ) ಮಾಡಿದಾಗ ಗಟ್ಟಿಯಾಗಿ ಲೋಳೆಕಟ್ಟಿದ್ದು ಎಂಟೋ ಒಂಬತ್ತೋ ಹಸುಗಳಲ್ಲಿ ಮಾತ್ರ. ಅದೇ ಹಿರಿಯರು ಈಗ ತಮ್ಮ ಕಡೆಯ ರೈತರನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಮೊದಲ ವರ್ಷ ಫಲ ಕಾಣದಿರುವುದಕ್ಕೆ ನಾನೇ ಕಾರಣ. ಟ್ಯೂಬ್ ಏರಿಸಿದ ದಿನವೇ, ಒಂದು ಬಲ ಇರಲಿ ಎಂದು, ಆಕ್ಸಿಟೆಟ್ರಾಸೈಕ್ಲಿನ್ ಕೂಡ ಚುಚ್ಚುತ್ತಿದ್ದೆ. ಕ್ಲಾಕ್ಸಾಸಿಲಿನ್ ಏಟು ಕೊಡುವುದು ಬೆಳೆಯುತ್ತಾ ಕೋಶಭಿತ್ತಿ ಕಟ್ಟಿಕೊಳ್ಳುತ್ತಿರುವ ಬ್ಯಾಕ್ಟೀರಿಯಾಕ್ಕೆ. ಬೆಳವಣಿಗೆಯನ್ನೇ ತಡೆಯುವ ಔಷಧಿಯನ್ನು ಜೊತೆಗೆ ಕೊಟ್ಟು, ಕೆಡವಬೇಕಾದ ಗೋಡೆಯ ಕೆಲಸವನ್ನೇ ನಾನು ನಿಲ್ಲಿಸಿದ್ದೆ. ಹಾಗೆ ಮಾಡಿದ ಆರು ಹಸುಗಳಲ್ಲಿ ನಾಲ್ಕಕ್ಕೆ ಕರು ಹಾಕಿದ ತಿಂಗಳೊಳಗೆ ಕೆಚ್ಚಲು ಬಾವು ಮರಳಿತು. ಚುಚ್ಚುಮದ್ದು ಬಿಟ್ಟ ಮೇಲೆಯೇ ಲೆಕ್ಕ ತಿರುಗಿತು.

ಎರಡನೆಯ ಪೆಟ್ಟು ಕೊಳಕು ಕೈಯಿಂದ ಬಿದ್ದದ್ದು. ಮಳೆಗಾಲದ ಒಂದು ಸಂಜೆ ಆತುರದಲ್ಲಿ ತೊಟ್ಟು ಸರಿಯಾಗಿ ಒರೆಸದೆ ಟ್ಯೂಬ್ ಏರಿಸಿದೆ. ನಾಲ್ಕನೆಯ ದಿನ ಕೆಚ್ಚಲು ಕೆಂಡವಾಗಿ, ಹಾಲಿನ ಬದಲು ನೀರು ಬಂದಿತು. ಸಗಣಿಯಿಂದ ಬಂದ ಇ. ಕೋಲಿಯಂಥವುಗಳಿಗೆ ಭಿತ್ತಿಯ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಕ್ಲಾಕ್ಸಾಸಿಲಿನ್ ಅವುಗಳ ಗೊಡವೆಗೆ ಹೋಗುವುದಿಲ್ಲ. ಹಸು ಉಳಿಯಿತು, ಒಂದು ಕ್ವಾರ್ಟರ್, ಅಂದರೆ ಕೆಚ್ಚಲಿನ ನಾಲ್ಕು ಭಾಗಗಳಲ್ಲಿ ಒಂದು, ಹೋಯಿತು. "ಚೆನ್ನಾಗಿದ್ದ ಹಸು ಸಾರ್ ಅದು" ಎಂದಷ್ಟೇ ಹೇಳಿದ ಯಜಮಾನಿಗೆ ಮುಖ ತೋರಿಸಲಾಗದೆ 2,000 ರೂಪಾಯಿ ನಾನೇ ಕೊಟ್ಟೆ.

ಅಂದಿನಿಂದ ದೂರದ ಎರಡು ತೊಟ್ಟುಗಳನ್ನು ಮೊದಲು, ಹತ್ತಿರದವನ್ನು ಆಮೇಲೆ, ಸ್ಪಿರಿಟ್ ಹತ್ತಿ ಬಿಳಿಯಾಗಿಯೇ ಉಳಿಯುವವರೆಗೆ ಒರೆಸುತ್ತೇನೆ. ಏರಿಸುವಾಗ ಮಾತ್ರ ಹತ್ತಿರದವು ಮೊದಲು, ಇಲ್ಲದಿದ್ದರೆ ಒರೆಸಿದ ತೊಟ್ಟಿಗೆ ನಮ್ಮ ತೋಳೇ ತಗಲುತ್ತದೆ. ತುದಿಯನ್ನು ಮೂರು ಮಿಲಿಮೀಟರಿಗಿಂತ ಒಳಗೆ ತಳ್ಳುವುದಿಲ್ಲ. ಕಲ್ಲಿನಂತೆ ಗಟ್ಟಿಯಾದ ಹಳೆಯ ಕ್ವಾರ್ಟರಿನ ಮೇಲೆ ಹಣ ಹಾಕಬೇಡಿ.

ನಾಲ್ಕು ಟ್ಯೂಬ್‌ಗಳಿಗೆ ನನ್ನ ನೆನಪಿನಂತೆ 700 ರೂಪಾಯಿಯ ಆಸುಪಾಸು. ದಿನಕ್ಕೆ 12 ಲೀಟರ್ ಕೊಡುವ ಹಸುವಿಗೆ ಬಾವು ಬಂದರೆ ಎಂಟು ದಿನದ ಹಾಲು ಚೆಲ್ಲಬೇಕು. ಲೀಟರಿಗೆ 35 ರೂಪಾಯಿ ಹಿಡಿದರೂ 3,360 ಆಯಿತು, ಔಷಧಿಯ ಖರ್ಚು ಬೇರೆ. ಈ ಲೆಕ್ಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದ ಮೇಲೆ ಬೇಡವೆಂದವರು ಕಡಿಮೆ.

ಗರ್ಭಧಾರಣೆಯ ದಿನಾಂಕವನ್ನು ಮನೆಯವರು ತಪ್ಪಾಗಿ ಹೇಳಿದ್ದರಿಂದ ಒಂದು ಹಸು ಟ್ಯೂಬ್ ಹಾಕಿದ 25ನೆಯ ದಿನಕ್ಕೇ ಕರು ಹಾಕಿಬಿಟ್ಟಿತು. ಔಷಧಿ ಇನ್ನೂ ಹಾಲಿನಲ್ಲಿರುತ್ತದೆ, ಸೊಸೈಟಿಗೆ ಹಾಲು ಹಾಕಬೇಡಿ ಎಂದೆ. ಅವರು ಮನೆಯಲ್ಲಿ ಹೆಪ್ಪು ಹಾಕಿದರು, ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಮೊಸರಿನ ಬ್ಯಾಕ್ಟೀರಿಯಾಕ್ಕೂ ಅದೇ ಭಿತ್ತಿ ತಾನೇ! ಆ ಮೇಲೆ ಎರಡು ಸ್ಟೀಲ್ ಲೋಟ ತರಿಸಿ, ಒಂದರಲ್ಲಿ ಆ ಹಸುವಿನ ಹಾಲು, ಇನ್ನೊಂದರಲ್ಲಿ ಪಕ್ಕದ ಮನೆಯ ಹಾಲು, ಎರಡನ್ನೂ ಕಾಯಿಸಿ ಆರಿಸಿ ಒಂದೇ ಚಮಚದಿಂದ ಹೆಪ್ಪು ಹಾಕಿಸಿ ದಿನವೂ ನೋಡಿದೆ. ಹನ್ನೊಂದನೆಯ ದಿನ ಎರಡೂ ಲೋಟಗಳು ಒಂದೇ ಸಮನೆ ಗಟ್ಟಿಯಾದವು. ಅಲ್ಪಸ್ವಲ್ಪ ಉಳಿದ ಔಷಧಿ ಈ ಪರೀಕ್ಷೆಗೆ ಸಿಗುವುದಿಲ್ಲವಾದ್ದರಿಂದ, ಟ್ಯೂಬಿನ ಚೀಟಿಯಲ್ಲಿದ್ದ ದಿನಗಳು ಮುಗಿಯುವವರೆಗೂ ಆ ಹಾಲನ್ನು ಸೊಸೈಟಿಗೆ ಹಾಕಗೊಡಲಿಲ್ಲ.